ಹಿಂದಿನ ಚಕ್ರ ಎರಡೂ ಹಿಡಿದುಕೊಂಡರೆ: ಅಂಬಾಸಿಡರ್‌ನ ಬ್ರೇಕ್ ಹೋಸ್, ಪೈಪ್ ಬದಲಿಸುವ ಬಗೆ

ಪ್ರಶ್ನೆ: ಅಪ್ಪ ಕೊಂಡ 1984ರ ಅಂಬಾಸಿಡರ್ ಮಾರ್ಕ್ 4 ಇನ್ನೂ ನಮ್ಮ ಮನೆಯಲ್ಲಿದೆ. ಊರು ಕುಂದಾಪುರ. ನಾಲ್ಕೂ ಡ್ರಮ್ ಬ್ರೇಕ್, ಬೂಸ್ಟರ್ ಇಲ್ಲ, ಸಿಂಗಲ್ ಮಾಸ್ಟರ್ ಸಿಲಿಂಡರ್. ಕಳೆದ ವರ್ಷ ಹಿಂದಿನ ವೀಲ್ ಸಿಲಿಂಡರ್ ಮತ್ತು ಲೈನರ್ ಹೊಸದು ಹಾಕಿಸಿದೆ. ಹೋದ ತಿಂಗಳು ತೀರ್ಥಹಳ್ಳಿಯಿಂದ ಬಾಳೆಬರೆ ಘಾಟಿ ಇಳಿದು ಬರುವಾಗ ಸುಟ್ಟ ವಾಸನೆ ಬಂತು. ನಿಲ್ಲಿಸಿ ನೋಡಿದರೆ ಹಿಂದಿನ ಎರಡೂ ಡ್ರಮ್ ಕೆಂಡದಂತೆ ಕಾದಿದ್ದವು. ಗಾಡಿ ತಳ್ಳಿದರೂ ಅಲುಗಲಿಲ್ಲ. ಅರ್ಧ ಗಂಟೆ ಬಿಟ್ಟ ಮೇಲೆ ತಾನಾಗಿಯೇ ಸಡಿಲವಾಯಿತು. ಹೋಸ್ ಬದಲಿಸಬೇಕೇ ಅಂತ ಕೇಳಿದರೆ ಮೆಕ್ಯಾನಿಕ್ "ಹೊರಗಿನಿಂದ ಚೆನ್ನಾಗಿಯೇ ಇದೆ" ಅನ್ನುತ್ತಾರೆ. ಪೈಪ್‌ಗಳಿಗೆ ತುಕ್ಕು ಹಿಡಿದಿದೆ, ಫ್ರಿಜ್ ರಿಪೇರಿ ಅಂಗಡಿಯ ತಾಮ್ರದ ಪೈಪ್ ಹಾಕಿಕೊಡುತ್ತೇನೆ ಅನ್ನುತ್ತಾರೆ. ಹಾಕಿಸಬಹುದೇ? ಇದನ್ನು ಮನೆಯಲ್ಲೇ ಮಾಡಿಕೊಳ್ಳಲು ಆಗುತ್ತದೆಯೇ?

ಉತ್ತರ: ಕೆಲಸ ಮುಗಿಯುವವರೆಗೆ ಆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ. ಪೇಟೆಗೂ ಬೇಡ. ನಿಮ್ಮದು ಸಿಂಗಲ್ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ನಾಲ್ಕೂ ಚಕ್ರಕ್ಕೆ ಬ್ರೇಕ್ ಆಯಿಲ್ ನೂಕುವುದು ಒಂದೇ ಪಂಪ್, ಒಂದೇ ದಾರಿ. ಎಲ್ಲಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಆಮೇಲೆ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಘಾಟಿಯ ತಿರುವಿನಲ್ಲಿ ಅದನ್ನು ನಂಬುವ ಹಾಗಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ಎರಡೂ" ಎಂಬ ಪದ. ಒಂದೇ ಚಕ್ರ ಹಿಡಿದುಕೊಂಡಿದ್ದರೆ ನಾನು ಆ ಚಕ್ರದ ಸಿಲಿಂಡರ್ (ಆಯಿಲ್ ಒತ್ತಡಕ್ಕೆ ಬ್ರೇಕ್ ಶೂಗಳನ್ನು ಡ್ರಮ್‌ಗೆ ಒತ್ತುವ ಭಾಗ), ಶೂಗಳನ್ನು ವಾಪಸ್ ಎಳೆಯುವ ಸ್ಪ್ರಿಂಗ್ ನೋಡಿ ಅನ್ನುತ್ತಿದ್ದೆ. ನಾಲ್ಕೂ ಹಿಡಿದಿದ್ದರೆ ಮಾಸ್ಟರ್ ಸಿಲಿಂಡರ್ ಬಿಚ್ಚಿ ಅನ್ನುತ್ತಿದ್ದೆ. ಹಿಂದಿನ ಎರಡು ಮಾತ್ರ ಹಿಡಿದಿವೆ ಅಂದರೆ ಆ ಎರಡಕ್ಕೂ ಸೇರಿದ ವಸ್ತು ಯಾವುದು ಅಂತ ಹುಡುಕಬೇಕು. ಅಂಥವು ಎರಡೇ. ಒಂದು ಹ್ಯಾಂಡ್ ಬ್ರೇಕ್ ಕೇಬಲ್, ಇನ್ನೊಂದು ಬಾಡಿಯಿಂದ ಹಿಂದಿನ ಹೌಸಿಂಗ್‌ಗೆ (ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್‌ನ ಕವಚ) ಇಳಿಯುವ ರಬ್ಬರ್ ಹೋಸ್. ಕೇಬಲ್ ಜಾಮ್ ಆಗಿದ್ದರೆ ಅರ್ಧ ಗಂಟೆ ಕಾದ ಮಾತ್ರಕ್ಕೆ ಬಿಡುವುದಿಲ್ಲ. ತಾನಾಗಿ ಸಡಿಲವಾಯಿತು ಅಂದರೆ ಒಳಗೆ ಸಿಕ್ಕಿಕೊಂಡಿದ್ದ ಆಯಿಲ್ ನಿಧಾನವಾಗಿ ವಾಪಸ್ ಜಿನುಗಿದೆ. ಹಾಗಾಗಿ ನನ್ನ ಅನುಮಾನ ಹೋಸ್ ಮೇಲೆ.

"ಹೊರಗಿನಿಂದ ಚೆನ್ನಾಗಿದೆ" ಅನ್ನುವುದು ನಿಜವೇ ಇರಬಹುದು. ಹೋಸ್ ಕೆಡುವುದು ಒಳಗಿನಿಂದ. ಅದು ಮೂರು ಪದರದ ವಸ್ತು: ಒಳಗೆ ಸಣ್ಣ ರಬ್ಬರ್ ನಳಿಗೆ, ಅದರ ಮೇಲೆ ಹೆಣೆದ ನೂಲು, ಅದರ ಮೇಲೆ ಹೊರಗಿನ ರಬ್ಬರ್. ವರ್ಷಗಳು ಕಳೆದಂತೆ ಒಳಗಿನ ನಳಿಗೆ ಊದಿಕೊಳ್ಳುತ್ತದೆ, ಇಲ್ಲವೇ ಸೀಳಿ ಒಂದು ಎಳೆ ನಾಲಿಗೆಯ ಹಾಗೆ ದಾರಿಗೆ ಅಡ್ಡ ಬರುತ್ತದೆ. ನೀವು ಪೆಡಲ್ ಒತ್ತಿದಾಗ ಹಿಂದೆ ಇರುವುದು ನಿಮ್ಮ ಕಾಲಿನ ಬಲ. ಜೋರಾಗಿ ಒತ್ತಿದರೆ ಲೈನ್ ಒಳಗೆ 1000 ಪಿಎಸ್‌ಐಗೂ ಮೇಲೆ ಹೋಗುತ್ತದೆ. ಟೈರ್‌ಗೆ ನಾವು ತುಂಬಿಸುವ ಗಾಳಿ 30ರ ಆಸುಪಾಸು, ಅಷ್ಟೇ. ಆ ಬಲಕ್ಕೆ ಆಯಿಲ್ ಎಂಥ ಸಂದಿಯಲ್ಲೂ ನುಗ್ಗಿ ಹೋಗುತ್ತದೆ. ವಾಪಸ್ ಬರುವಾಗ ಅದನ್ನು ನೂಕಲು ಶೂ ಸ್ಪ್ರಿಂಗ್ ಬಿಟ್ಟರೆ ಬೇರೆ ಯಾರೂ ಇಲ್ಲ. ಸಂದಿ ಚಿಕ್ಕದಾದರೆ ಅದರ ಕೈಲಿ ಆಗುವುದಿಲ್ಲ. ಶೂ ಡ್ರಮ್‌ಗೆ ಅಂಟಿಕೊಂಡೇ ಉಳಿಯುತ್ತದೆ, ಡ್ರಮ್ ಕಾಯುತ್ತದೆ, ಕಾದ ಆಯಿಲ್ ಹಿಗ್ಗುತ್ತದೆ, ಶೂ ಇನ್ನೂ ಬಿಗಿಯಾಗುತ್ತದೆ. ಇಳಿಜಾರಿನಲ್ಲಿ ಪದೇಪದೇ ಬ್ರೇಕ್ ಒತ್ತಿದಾಗ ನಿಮಗೆ ಆಗಿದ್ದು ಇದೇ ಇರಬೇಕು.

ಸುಮ್ನೆ ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ ನೋಡಿ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕಿಯನ್ನೇ ನಂಬಿ ಗಾಡಿಯ ಕೆಳಗೆ ತೂರಬಾರದು. ಹ್ಯಾಂಡ್ ಬ್ರೇಕ್ ಪೂರ್ತಿ ಬಿಡಿ. ಪೆಡಲನ್ನು ಐದಾರು ಸಲ ಜೋರಾಗಿ ಒತ್ತಿ ಬಿಟ್ಟು ಚಕ್ರ ತಿರುಗಿಸಿ. ಹಿಡಿದುಕೊಂಡಿದ್ದರೆ ಒಂದು ಚಕ್ರದ ಏರ್ ತೆಗೆಯುವ ನಿಪ್ಪಲ್ ಸ್ವಲ್ಪ ಸಡಿಲ ಮಾಡಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಸಿಕ್ಕಿಕೊಂಡಿದ್ದು ಒತ್ತಡ, ಕೇಬಲ್ ಅಲ್ಲ. ನಿಪ್ಪಲ್ ಬಿಗಿ ಮಾಡಿ, ಮತ್ತೆ ಪೆಡಲ್ ಒತ್ತಿ ಹಿಡಿಯುವಂತೆ ಮಾಡಿ. ಈ ಸಲ ಹೋಸ್‌ನ ಬಾಡಿ ಕಡೆಯ ತುದಿಯಲ್ಲಿ ಪೈಪ್ ನಟ್ ಸಡಿಲಿಸಿ, ಅಂದರೆ ಹೋಸ್‌ಗೂ ಮುಂಚಿನ ಜಾಗದಲ್ಲಿ. ಅಲ್ಲಿ ಬಿಚ್ಚಿದರೂ ಚಕ್ರ ಬಿಡದಿದ್ದರೆ ತಡೆ ಇರುವುದು ಹೋಸ್ ಒಳಗೇ. ಬಿಟ್ಟರೆ ಹೋಸ್ ತಪ್ಪಿಲ್ಲ, ಮಾಸ್ಟರ್ ಸಿಲಿಂಡರ್ ಕಡೆ ಹೋಗಿ. ಅಲ್ಲಿ ಪೆಡಲ್‌ನಿಂದ ಬರುವ ಪುಶ್ ರಾಡ್‌ಗೆ ಸ್ವಲ್ಪವೂ ಆಟ ಇಲ್ಲದಿದ್ದರೆ ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡಿರುತ್ತದೆ. ಹತ್ತು ನಿಮಿಷದ ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಹೋದ ವರ್ಷದ ವೀಲ್ ಸಿಲಿಂಡರ್ ದುಡ್ಡು ಉಳಿಯುತ್ತಿತ್ತೋ ಏನೋ.

ಇನ್ನು ತಾಮ್ರದ ಪೈಪ್. ಬೇಡ. ಖಂಡಿತ ಬೇಡ. ಫ್ರಿಜ್ ಪೈಪ್ ಮೆದು, ಕೈಯಲ್ಲೇ ಬಗ್ಗುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಬರೀ ತಾಮ್ರ ಅದುರಾಟದಲ್ಲಿ ಗಟ್ಟಿಯಾಗುತ್ತಾ ಹೋಗಿ ಬಿರುಕು ಬಿಡುತ್ತದೆ. ಬಿರುಕು ಬರುವುದು ಸಾಮಾನ್ಯವಾಗಿ ನಟ್ ಪಕ್ಕದಲ್ಲೇ, ಕಣ್ಣಿಗೆ ಕಾಣದ ಕಡೆ. ಹೌಸಿಂಗ್ ಮೇಲಿನ ಪೈಪ್ ಅಂತೂ ರಸ್ತೆಯ ಪ್ರತಿ ಗುಂಡಿಗೂ ಅದುರುತ್ತದೆ. ತಾಮ್ರ ಹಾಕಿ ಹತ್ತು ವರ್ಷ ಓಡಿಸಿದೆ ಅನ್ನುವವರು ನಿಮಗೆ ಸಿಗುತ್ತಾರೆ. ಓಡಿಸಿರಬಹುದು. ಒಡೆದವರು ಅದನ್ನು ಹೇಳಿಕೊಂಡು ತಿರುಗುವುದಿಲ್ಲ, ಅಲ್ವಾ?

ಕಂಪನಿ ಹಾಕಿದ್ದು ಉಕ್ಕಿನ ಪೈಪ್. ಒಳ್ಳೆಯ ಬ್ರೇಕ್ ಪೈಪ್‌ನಲ್ಲಿ ತೆಳು ಉಕ್ಕಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ ತಾಮ್ರದ ಬೆಸುಗೆ ಹಾಕಿರುತ್ತಾರೆ. ಒತ್ತಡಕ್ಕೆ ಅದು ಜಗ್ಗುವುದಿಲ್ಲ. ಅದರ ಶತ್ರು ತುಕ್ಕು. ಇನ್ನೊಂದು ಆಯ್ಕೆ ತಾಮ್ರ ಮತ್ತು ನಿಕಲ್ ಬೆರೆಸಿದ ಪೈಪ್. ಸುಮಾರು 90 ಪಾಲು ತಾಮ್ರ, 10 ಪಾಲು ನಿಕಲ್, ಜೊತೆಗೆ ಚೂರು ಕಬ್ಬಿಣ, ಮ್ಯಾಂಗನೀಸ್. ಕುನಿಫರ್ ಅಂತ ಕರೆಯುತ್ತಾರೆ. ವೋಲ್ವೊ ಕಂಪನಿ 1970ರ ದಶಕದಿಂದಲೇ ತನ್ನ ಕಾರುಗಳಿಗೆ ಈ ಬಗೆಯ ಪೈಪ್ ಬಳಸಿದೆ. ಇದೇ ಜಾತಿಯ ಮಿಶ್ರಲೋಹವನ್ನು ಹಡಗುಗಳಲ್ಲಿ ಸಮುದ್ರದ ನೀರು ಹರಿಯುವ ಪೈಪ್‌ಗೂ ಹಾಕುತ್ತಾರೆ. ನೀವಿರುವುದು ಕಡಲ ಪಕ್ಕ. ಉಪ್ಪು ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ನಿಮ್ಮ ಜಾಗದಲ್ಲಿ ನಾನಿದ್ದರೆ ರೇಟ್ ಜಾಸ್ತಿ ಆದರೂ ಇದನ್ನೇ ಹಾಕುತ್ತಿದ್ದೆ. ಸಿಗದಿದ್ದರೆ ಲೇಪನ ಇರುವ ಉಕ್ಕಿನ ಬ್ರೇಕ್ ಪೈಪ್ ಹಾಕಿ, ತೊಂದರೆ ಇಲ್ಲ. ಕೊಳ್ಳುವಾಗ ಬಣ್ಣ ನೋಡಿ ಮೋಸ ಹೋಗಬೇಡಿ. ಬರೀ ತಾಮ್ರ ಕೆಂಪಗೆ ಇರುತ್ತದೆ. ನಿಕಲ್ ಬೆರೆತದ್ದು ಸ್ವಲ್ಪ ಮಾಸಲು, ಬಗ್ಗಿಸಿದರೆ ಬಿಗಿ.

ಹೋಸ್ ಒಂದನ್ನೇ ಬದಲಿಸಿ ಪೈಪ್ ಬಿಡಬಹುದೇ ಅಂತ ನಿಮಗೆ ಅನ್ನಿಸಬಹುದು. ಬಿಡಲು ಹೋದರೂ ಹಳೇ ಪೈಪ್ ಬಿಡಗೊಡುವುದಿಲ್ಲ. 40 ವರ್ಷದ ನಟ್ ಪೈಪ್‌ಗೇ ಅಂಟಿಕೊಂಡಿರುತ್ತದೆ. ನಟ್ ತಿರುಗಿಸಿದರೆ ಪೈಪೂ ಜೊತೆಗೆ ತಿರುಚಿಕೊಳ್ಳುತ್ತದೆ. ಹಿಂದೆ ಇರುವುದೇ ನಾಲ್ಕು ತುಂಡು: ಮುಂದಿನಿಂದ ಬರುವ ಉದ್ದದ ಪೈಪ್, ಹೋಸ್, ಹೌಸಿಂಗ್ ಮೇಲಿನ ಟೀ ಆಕಾರದ ಜಾಯಿಂಟ್‌ನಿಂದ ಎಡಕ್ಕೊಂದು ಬಲಕ್ಕೊಂದು ಪೈಪ್. ನಾಲ್ಕನ್ನೂ ಒಂದೇ ಸಲ ಮುಗಿಸಿ. ಉದ್ದದ ಪೈಪ್ ಕೊಳೆಯುವುದು ಬಯಲಲ್ಲಿ ಅಲ್ಲ, ಕ್ಲಿಪ್ ಅಡಿಯಲ್ಲಿ. ಅಲ್ಲಿ ಕೆಸರು ಕೂತು ವರ್ಷವಿಡೀ ಒದ್ದೆ ಇರುತ್ತದೆ. ಕ್ಲಿಪ್ ಎತ್ತಿ ಸ್ಕ್ರೂಡ್ರೈವರ್‌ನಲ್ಲಿ ಕೆರೆದು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಸಾಮಾನು ತರುವಾಗ ಜೋಪಾನ. ಅಂಬಾಸಿಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ, ಅದು ಇಂಚಿನ ಲೆಕ್ಕದ ಗಾಡಿ. ಪದ್ಮಿನಿ ಕಾರು ಫಿಯಟ್ ಮೂಲದ್ದು, ಅದು ಮಿಲಿಮೀಟರ್ ಲೆಕ್ಕ. ಆ ಕಾಲದ ಇಂಗ್ಲಿಷ್ ಗಾಡಿಗಳ ಬ್ರೇಕ್ ಪೈಪ್ ಸಾಮಾನ್ಯವಾಗಿ 3/16 ಇಂಚು, ಅಂದರೆ 4.75 ಮಿ.ಮೀ. ನಟ್ 3/8 ಇಂಚು, ಇಂಚಿಗೆ 24 ಎಳೆ (ಥ್ರೆಡ್). ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 10 ಮಿ.ಮೀ. ನಟ್. ಎರಡಕ್ಕೂ ಇರುವ ವ್ಯತ್ಯಾಸ ಅರ್ಧ ಮಿಲಿಮೀಟರ್‌ಗೂ ಕಡಿಮೆ, ಎಳೆಯ ಅಂತರವೂ ಹತ್ತಿರ ಹತ್ತಿರ. 10 ಮಿ.ಮೀ. ತೂತಿಗೆ 3/8 ನಟ್ ಹಾಕಿದರೆ ಸಡಿಲವಾಗಿ ಹೋಗಿ ಕೂರುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ. ಜೋರಾಗಿ ಬ್ರೇಕ್ ಒತ್ತಿದ ದಿನ ಎಳೆ ಕಿತ್ತು ಬರುತ್ತದೆ. ಹಾಗಾಗಿ ಹಳೇ ನಟ್, ಹಳೇ ಹೋಸ್, ಹಳೇ ಪೈಪ್‌ನ ತುದಿ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. "ಅಂಬಾಸಿಡರ್‌ದು ಕೊಡಿ" ಅಂದರೆ ಸಾಲದು. ನಿಮ್ಮ ಗಾಡಿಯಲ್ಲಿ ಹಿಂದೆ ಯಾರು ಏನು ಹಾಕಿದ್ದಾರೋ ಯಾರಿಗೆ ಗೊತ್ತು? ಹೊಸ ನಟ್ ಕೈಯಲ್ಲೇ ಕೊನೆಯವರೆಗೆ ಹೋಗಬೇಕು, ಅಲುಗಾಡಬಾರದು.

ಬೆಂಗಳೂರಿನ ಜೆ.ಸಿ. ರೋಡ್‌ನಂಥ ಕಡೆ ಇನ್ನೂ ಹಳೇ ಗಾಡಿಗಳ ಸಾಮಾನು ಸಿಗುತ್ತದೆ. ಆದರೆ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಡಬ್ಬಿ ಒಡೆಯದ ಹಳೇ ಹೋಸ್ ಸಿಕ್ಕಿತು ಅಂತ ಖುಷಿ ಪಡಬೇಡಿ. ಗೇರ್, ಬೇರಿಂಗ್ ಆದರೆ ಹಳೇ ಸ್ಟಾಕ್ ಚಿನ್ನ. ರಬ್ಬರ್ ಹಾಗಲ್ಲ, ಕಪಾಟಿನಲ್ಲಿ ಕೂತೇ ಮುದಿಯಾಗುತ್ತದೆ. ಹೋಸ್ ಮೇಲೆ ಅಚ್ಚಾದ ತಾರೀಖು, ಎಸ್‌ಎಇ ಜೆ1401 ಎಂಬ ಬ್ರೇಕ್ ಹೋಸ್ ಗುಣಮಟ್ಟದ ಗುರುತು ನೋಡಿ. ಬಗ್ಗಿಸಿದಾಗ ಸಣ್ಣ ಸಣ್ಣ ಬಿರುಕು ಕಂಡರೆ ಅಲ್ಲೇ ವಾಪಸ್ ಕೊಡಿ. ಉದ್ದವೂ ಹಳೆಯದರಷ್ಟೇ ಇರಲಿ.

ಇನ್ನು ಬಿಚ್ಚುವ ಕೆಲಸ. ಎರಡು ದಿನ ಮೊದಲೇ ಎಲ್ಲ ನಟ್‌ಗಳಿಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಸಾಮಾನ್ಯ ಓಪನ್ ಸ್ಪ್ಯಾನರ್ ಎರಡೇ ಮೂಲೆ ಹಿಡಿಯುತ್ತದೆ, ನಟ್ ಉರುಟಾಗಿಬಿಡುತ್ತದೆ. ಫ್ಲೇರ್ ನಟ್ ಸ್ಪ್ಯಾನರ್ ಅಂತ ಸಿಗುತ್ತದೆ. ರಿಂಗ್ ಸ್ಪ್ಯಾನರ್‌ನ ಬಾಯಿ ಸ್ವಲ್ಪ ಕತ್ತರಿಸಿದ ಹಾಗೆ ಇರುತ್ತದೆ. 7/16 ಇಂಚಿನದು ಬೇಕು. ಸಿಗದಿದ್ದರೆ ಅಳತೆ ಹತ್ತಿರವಿರುವ 11 ಮಿ.ಮೀ. ತಂದು ಕೂರಿಸಿ ನೋಡಿ. ಹೊಸ ಪೈಪ್ ಹಾಕುವುದೇ ಆದ್ದರಿಂದ ಮೊಂಡು ನಟ್ ಸಿಕ್ಕರೆ ಗುದ್ದಾಡಬೇಡಿ. ನಟ್ ಹತ್ತಿರ ಪೈಪ್ ಕತ್ತರಿಸಿ, ಸಾಕೆಟ್ ಇಟ್ಟು ಬಿಚ್ಚಿ. ಆದರೆ ಆಕಾರ ಕೆಡದಂತೆ ಪೈಪನ್ನು ಕೆಳಗಿಳಿಸಿ ಇಟ್ಟುಕೊಳ್ಳಿ. ಹೊಸದನ್ನು ಬಗ್ಗಿಸಲು ಅದೇ ನಕ್ಷೆ. ಅಳತೆಗೆ ಪೈಪ್ ಉದ್ದಕ್ಕೂ ದಾರ ಹಿಡಿದು, ಎರಡು ಬೆರಳು ಜಾಸ್ತಿ ಇಟ್ಟುಕೊಳ್ಳಿ.

ಆಯಿಲ್ ಎಲ್ಲ ಸೋರಿ ಹೋಗದಿರಲು ಒಂದು ಉಪಾಯ. ಒಂದು ಕೋಲನ್ನು ಸೀಟಿಗೂ ಪೆಡಲ್‌ಗೂ ನಡುವೆ ಕೊಟ್ಟು ಪೆಡಲ್ ಒಂದಿಷ್ಟು ಕೆಳಗೆ ನಿಲ್ಲುವಂತೆ ಮಾಡಿ. ಆಗ ಮಾಸ್ಟರ್ ಸಿಲಿಂಡರ್ ಒಳಗಿನ ತೂತು ಮುಚ್ಚಿಕೊಳ್ಳುತ್ತದೆ, ಅದಕ್ಕೆ ಆಯಿಲ್ ತುಂಬಿಸುವ ಡಬ್ಬಿಯ ಆಯಿಲ್ ಕೆಳಗಿಳಿಯುವುದಿಲ್ಲ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಬಿದ್ದರೆ ಒರೆಸುವುದಲ್ಲ, ನೀರು ಸುರಿದು ತೊಳೆಯಿರಿ. ಡ್ರಮ್ ಬಿಚ್ಚುವುದಾದರೆ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಎಸೆಯಿರಿ.

ಹೋಸ್ ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಮೊದಲು ಬಾಡಿ ಕಡೆಯ ಬ್ರಾಕೆಟ್‌ನಲ್ಲಿ ಪೈಪ್ ನಟ್. ಆಗ ಹೋಸ್‌ನ ತಲೆಯನ್ನು ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿದಿರಬೇಕು. ಆಮೇಲೆ ಬ್ರಾಕೆಟ್‌ನ ಚೆಕ್ ನಟ್. ಆ ತುದಿ ಬಿಡುಗಡೆಯಾದ ಮೇಲೆ ಹೌಸಿಂಗ್ ಕಡೆ ತಿರುಗಿಸಿದರೆ ಹೋಸ್ ಪೂರ್ತಿ ಸುತ್ತಿ ಹೊರಗೆ ಬರುತ್ತದೆ. ಹಾಕುವಾಗ ಇದರ ಉಲ್ಟಾ: ಹೌಸಿಂಗ್ ಕಡೆ ಮೊದಲು. ಅಲ್ಲಿ ತಾಮ್ರದ ವಾಷರ್ ಇದ್ದರೆ ಹೊಸದೇ ಹಾಕಿ. ಆಮೇಲೆ ಬ್ರಾಕೆಟ್, ಚೆಕ್ ನಟ್, ಕೊನೆಗೆ ಪೈಪ್. ಎಲ್ಲೂ ಹೋಸ್ ತಿರುಚಿಕೊಳ್ಳಬಾರದು. ಹಾಕುವ ಮುಂಚೆ ಅದರ ಉದ್ದಕ್ಕೂ ಸೀಮೆಸುಣ್ಣದ ಗೆರೆ ಎಳೆದುಕೊಳ್ಳಿ. ಬಿಗಿ ಮಾಡಿದ ಮೇಲೆ ಗೆರೆ ನೆಟ್ಟಗಿದ್ದರೆ ಸರಿ. ಬಳ್ಳಿಯಂತೆ ಸುತ್ತಿದ್ದರೆ ಬಿಚ್ಚಿ ಮತ್ತೆ ಹಾಕಿ. ಹೌಸಿಂಗ್ ಪೂರ್ತಿ ಕೆಳಗೆ ಜೋತಾಡುವಾಗ ಹೋಸ್ ಎಳೆದಂತಾಗಬಾರದು, ಚಕ್ರದ ಮೇಲೆ ಭಾರ ಕೂತಾಗ ಸೈಲೆನ್ಸರ್ ಪೈಪಿಗೂ ಸ್ಪ್ರಿಂಗ್ ಪ್ಲೇಟಿಗೂ ತಾಗಬಾರದು. ಎರಡೂ ಸ್ಥಿತಿಯಲ್ಲಿ ಬಗ್ಗಿ ನೋಡಿ.

ಇಡೀ ಕೆಲಸದಲ್ಲಿ ನಿಜವಾದ ಕಸುಬು ಇರುವುದು ಪೈಪಿನ ತುದಿ ಮಾಡುವುದರಲ್ಲಿ. ಫ್ಲೇರ್ ಅನ್ನುತ್ತೇವೆ. ಪೈಪ್ ಕತ್ತರಿಸಲು ಗರಗಸ ಬೇಡ, ಸಣ್ಣ ಟ್ಯೂಬ್ ಕಟರ್ ಬಳಸಿ. ಗರಗಸದ ತುದಿ ಓರೆಯಾಗುತ್ತದೆ, ಒಳಗೆ ಪುಡಿ ಬೀಳುತ್ತದೆ. ಕತ್ತರಿಸಿದ ಮೇಲೆ ಒಳಗಿನ ಅಂಚು ಕೆರೆದು, ಗಾಳಿ ಹೊಡೆದು ಶುಚಿ ಮಾಡಿ. ಫ್ಲೇರ್ ಎರಡು ಬಗೆ. ಒಂದು ಹೊರಕ್ಕೆ ಗುಂಡಗೆ ಉಬ್ಬಿದ ಅಣಬೆಯಂಥದ್ದು. ಇನ್ನೊಂದು ಅದನ್ನೇ ಒಳಕ್ಕೆ ಮಡಿಸಿ ಎರಡು ಪದರ ಮಾಡಿದ ಕೊಳವೆಬಾಯಿಯಂಥದ್ದು. ಯಾವುದು ಬೇಕು ಅನ್ನುವುದನ್ನು ಎದುರಿನ ಭಾಗದ ಆಕಾರ ಹೇಳುತ್ತದೆ. ಹಳೇ ಪೈಪಿನ ತುದಿ ಹೇಗಿದೆಯೋ ಹಾಗೇ ಮಾಡಿ. ಒಂದೇ ಪೈಪಿನ ಎರಡು ತುದಿ ಬೇರೆ ಬೇರೆ ಇರಬಹುದು, ಅದನ್ನೂ ಗಮನಿಸಿ. ಒಂದೇ ಪದರದ ಫನಲ್ ಆಕಾರದ ಫ್ಲೇರ್ ಮಾತ್ರ ಎಲ್ಲೂ ಬೇಡ, ಅದು ಗ್ಯಾಸ್ ಲೈನ್‌ಗೆ ಸರಿ. ಒಂದು ಅಡಿ ಪೈಪ್ ಸುಮ್ನೆ ಅಭ್ಯಾಸಕ್ಕೆ ಅಂತ ಜಾಸ್ತಿ ತನ್ನಿ. ಮೊದಲ ನಾಲ್ಕು ತುದಿ ಹಾಳಾಗುವುದು ಮಾಮೂಲು. ಫ್ಲೇರ್ ಸುತ್ತ ಒಂದೇ ಸಮ ಇರಬೇಕು, ಕೂದಲೆಳೆಯಷ್ಟೂ ಬಿರುಕು ಇರಬಾರದು.

ಎರಡನೇ ತುದಿ ಮಾಡುವ ಮುಂಚೆ ಎರಡೂ ನಟ್ ಪೈಪ್ ಒಳಗೆ ಸೇರಿಸಿ, ಸರಿಯಾದ ದಿಕ್ಕಿಗೆ ಮುಖ ಮಾಡಿಸಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನೇ ಒಮ್ಮೆ ಉದ್ದದ ಪೈಪನ್ನು ಬೆಳಗಿನಿಂದ ಕೂತು ಚಂದ ಬಗ್ಗಿಸಿ, ಎರಡೂ ಕಡೆ ಫ್ಲೇರ್ ಮಾಡಿ, ತೃಪ್ತಿಯಿಂದ ಕಾಫಿಗೆ ಎದ್ದಾಗ ನೋಡಿದರೆ ಒಂದು ನಟ್ ಮೇಜಿನ ಮೇಲೆ ನನ್ನನ್ನೇ ನೋಡುತ್ತಾ ಕೂತಿತ್ತು. ಆ ಪೈಪ್ ಕತ್ತರಿಸಿ ಚಿಕ್ಕ ಪೈಪ್ ಮಾಡಿಕೊಂಡೆ, ಉದ್ದದ್ದು ಮತ್ತೆ ಮೊದಲಿನಿಂದ.

ಬಗ್ಗಿಸಲು ಬೆಂಡರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಸಾಕೆಟ್ ಸುತ್ತ ಹೆಬ್ಬೆರಳಿನಿಂದ ನಿಧಾನವಾಗಿ ಒತ್ತಿ. ಒಂದು ಕಡೆ ಚಪ್ಪಟೆಯಾದರೆ ಆ ತುಂಡು ಬಿಸಾಡಿ. ಹಳೇ ಕ್ಲಿಪ್‌ಗಳ ಜಾಗದಲ್ಲೇ ಪೈಪ್ ಕೂರಿಸಿ, ಕ್ಲಿಪ್ ಒಳಗೆ ರಬ್ಬರ್ ಪಟ್ಟಿ ಕೊಡಿ. ಕ್ಲಿಪ್ ಇಲ್ಲದೆ ಜೋತಾಡುವ ಪೈಪ್ ಎಂಥ ಲೋಹದ್ದಾದರೂ ಉಳಿಯುವುದಿಲ್ಲ.

ಒಂದು ತಪ್ಪು ನಮ್ಮ ಕಡೆ ತುಂಬಾ ನಡೆಯುತ್ತದೆ. ಬ್ರೇಕ್ ಸಾಮಾನನ್ನು ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ನಲ್ಲಿ ತೊಳೆಯುವುದು. ಅದರ ಪಸೆ ಒಳಗೆ ಉಳಿದರೂ ಸಾಕು, ಕಪ್ (ಸಿಲಿಂಡರ್ ಒಳಗಿನ ರಬ್ಬರ್ ಸೀಲ್) ಮತ್ತು ಹೋಸ್ ರಬ್ಬರ್ ಊದಿಕೊಳ್ಳುತ್ತದೆ. ನಿಮ್ಮ ಹೋಸ್ ಊದಿದ್ದಕ್ಕೂ ಇದೇ ಕಾರಣ ಇದ್ದರೂ ಇರಬಹುದು. ತೊಳೆಯಲು ಹೊಸ ಬ್ರೇಕ್ ಆಯಿಲ್ ಅಥವಾ ಬ್ರೇಕ್ ಕ್ಲೀನರ್ ಸಾಕು.

ಆಯಿಲ್ ಸೀಲ್ ಒಡೆಯದ ಡಬ್ಬಿಯದ್ದೇ ಆಗಲಿ. ಡಾಟ್ 3 ಅಥವಾ ಡಾಟ್ 4 ದರ್ಜೆಯದ್ದು ಆಗುತ್ತದೆ. ಸಿಲಿಕೋನ್‌ನ ಡಾಟ್ 5 ಇವುಗಳ ಜೊತೆ ಬೆರೆಸುವ ಹಾಗಿಲ್ಲ. ಡಾಟ್ 3, 4 ಗಾಳಿಯ ತೇವ ಹೀರುತ್ತವೆ. ಡಾಟ್ 3 ಹೊಸದಿದ್ದಾಗ ಕುದಿಯುವುದು ಕಡಿಮೆ ಎಂದರೆ 205 ಡಿಗ್ರಿಯಲ್ಲಿ, ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಘಾಟಿ ಇಳಿಯುವವರಿಗೆ ಈ ಲೆಕ್ಕ ಮುಖ್ಯ. ಆಯಿಲ್ ಕುದಿದರೆ ಆವಿ ಹುಟ್ಟುತ್ತದೆ, ಪೆಡಲ್ ಸ್ಪಂಜಿನಂತೆ ತಳಕ್ಕೆ ಹೋಗುತ್ತದೆ. ಕರಾವಳಿಯ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ಏರ್ ತೆಗೆಯುವ ಮುಂಚೆ ಕೋಲು ತೆಗೆದು, ಹಿಂದಿನ ಬ್ರೇಕ್ ಅಡ್ಜಸ್ಟ್ ಬಿಗಿ ಮಾಡಿ ಶೂ ಡ್ರಮ್‌ಗೆ ತಾಗುವಂತೆ ಇಡಿ, ಕೆಲಸ ಬೇಗ ಆಗುತ್ತದೆ. ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರ ಮೊದಲು. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಮೇಲೆ, ಒಬ್ಬರು ಕೆಳಗೆ. "ಹಿಡಿ" ಅಂದಾಗ ಒತ್ತಿ ಹಿಡಿಯಬೇಕು, ನಿಪ್ಪಲ್ ಮುಚ್ಚಿ "ಬಿಡು" ಅನ್ನುವವರೆಗೆ ಕಾಲು ತೆಗೆಯಬಾರದು. ಪೆಡಲ್ ಅಡಿಗೆ ಒಂದು ಮರದ ತುಂಡು ಇಡಿ. ಹಳೇ ಮಾಸ್ಟರ್ ಸಿಲಿಂಡರ್‌ನ ತಳದಲ್ಲಿ ತುಕ್ಕಿನ ಗೆರೆ ಇರುತ್ತದೆ. ಪೆಡಲ್ ಪೂರ್ತಿ ಒತ್ತಿದರೆ ಕಪ್ ಅಲ್ಲಿಗೆ ಹೋಗಿ ಹರಿದುಕೊಳ್ಳುತ್ತದೆ. "ಪೈಪ್ ಹಾಕಿದ ಮೇಲೆ ಮಾಸ್ಟರ್ ಹೋಯಿತು" ಅನ್ನುವ ಎಷ್ಟೋ ದೂರುಗಳ ಮೂಲ ಇದೇ. ಡಬ್ಬಿ ಖಾಲಿಯಾಗದಂತೆ ನಡುನಡುವೆ ತುಂಬಿಸಿ. ಮುಗಿದ ಮೇಲೆ ಅಡ್ಜಸ್ಟ್ ವಾಪಸ್ ಸರಿಯಾದ ಜಾಗಕ್ಕೆ ತನ್ನಿ.

ಮನೆಯಲ್ಲಿ ಮಾಡಬಹುದೇ ಅಂತ ಕೇಳಿದಿರಿ. ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದರೆ ಹೋಸ್ ಹಾಕುವುದು, ಪೈಪ್ ಕೂರಿಸುವುದು, ಏರ್ ತೆಗೆಯುವುದು ಎಲ್ಲ ಆಗುತ್ತದೆ, ಎರಡು ದಿನದ ಕೆಲಸ. ಫ್ಲೇರ್ ಒಂದನ್ನು ಮಾತ್ರ, ಕೈ ಕೂರದಿದ್ದರೆ, ಒಳ್ಳೆಯ ಟೂಲ್ ಇರುವ ಕಡೆ ಮಾಡಿಸಿ ತನ್ನಿ. ಕೊನೆಗೆ ನಿಂತ ಗಾಡಿಯಲ್ಲಿ ಪೆಡಲನ್ನು ಮೈಭಾರ ಬಿಟ್ಟು ಒಂದು ನಿಮಿಷ ಒತ್ತಿ ಹಿಡಿಯಿರಿ. ಅಷ್ಟರಲ್ಲಿ ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ನಟ್‌ಗೂ ಒಣ ಕಾಗದ ತಾಗಿಸಿ ನೋಡಲಿ. ಒಂದು ಚುಕ್ಕೆ ಒದ್ದೆ ಕಂಡರೂ ರಸ್ತೆಗೆ ಇಳಿಯಬಾರದು. ಮೊದಲ ಓಡಾಟ ಸಮತಟ್ಟು ರಸ್ತೆಯಲ್ಲಿ, ನಿಧಾನವಾಗಿ. ಐದು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನಾಲ್ಕೂ ಡ್ರಮ್‌ಗಳ ಬಿಸಿ ಕೈಯಲ್ಲಿ ಅಂದಾಜು ನೋಡಿ. ಡ್ರಮ್ ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ನೂರು ಕಿಲೋಮೀಟರ್ ಆದ ಮೇಲೆ ಕಾಗದದ ಪರೀಕ್ಷೆ ಇನ್ನೊಮ್ಮೆ.

ಹಳೇ ಹೋಸ್ ಎಸೆಯಬೇಡಿ. ಹರಿತವಾದ ಬ್ಲೇಡ್‌ನಲ್ಲಿ ಉದ್ದಕ್ಕೆ ಸೀಳಿ ಒಳಗೆ ನೋಡಿ. ನನ್ನ ಅನುಮಾನ ನಿಜವಾದರೆ ಸೂಜಿ ತೂರುವಷ್ಟೂ ದಾರಿ ಕಾಣದ ಒಂದು ಜಾಗ ಸಿಗುತ್ತದೆ. ಸಿಕ್ಕರೆ ಅದನ್ನು ನಿಮ್ಮ ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ. ಜಗಳಕ್ಕಲ್ಲ. ಮುಂದಿನ ಎರಡು ಹೋಸ್‌ಗಳೂ ಅದೇ ವಯಸ್ಸಿನವು, ಅವನ್ನು ಬದಲಿಸಲು ನಿಮಗೆ ಅವರ ಕೈ ಬೇಕಾಗುತ್ತದೆ.